ನನ್ನ ಹೊಟ್ಟೆಯ ಚರ್ಮ ಬಾಟಲಿಯಲ್ಲಿ ಬೆಳೆದ ಮಳೆಗಾಲ

ಮೊನ್ನೆ ದವಾಖಾನೆಯಲ್ಲಿ ಸೂಜಿ ಚುಚ್ಚುವ ಮೊದಲು ನರ್ಸಬಾಯಿ ನನ್ನ ತೋಳಿಗೆ ಸ್ಪಿರಿಟ್ಟಿನ ಹತ್ತಿ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈಕಾಲು ತಣ್ಣಗಾದವು. ಸೂಜಿಯ ಹೆದರಿಕೆಯಲ್ಲ. ಎರಡು ಮಳೆಗಾಲಗಳ ಹಿಂದೆ ಇದೇ ವಾಸನೆಯ ಒಂದು ಕೋಣೆಯಲ್ಲಿ ಕುಳಿತು ಕೇಳಿದ ಮಾತನ್ನು ನನ್ನ ಮೈ ಇನ್ನೂ ಮರೆತಿಲ್ಲ.

ಮೊಮ್ಮಕ್ಕಳೇ, ಅಕ್ಷತಾ, ಸಮರ್ಥ, ಇದನ್ನು ನಿಮಗೆ ಬಾಯಿಂದ ಹೇಳಲು ನನಗೆ ಆಗುವುದಿಲ್ಲ. ನಾಲ್ಕು ಜನರೆದುರು ನಿಮ್ಮ ಆಯಿಯ ದನಿ ಏಳುವುದಿಲ್ಲ, ಒಬ್ಬರೆದುರೂ ಕಷ್ಟವೇ. ಇಂಡಿ ತಾಲೂಕಿನ ಒಂದು ಹಳ್ಳಿಯ ಸಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತ ಕನ್ನಡ ನನ್ನ ಹತ್ತಿರ ಇದೆ. ಅದರಲ್ಲಿ ಬರೆಯುತ್ತೇನೆ. ಓದಲು ಬರದಿದ್ದರೆ ನಿಮ್ಮ ಅವ್ವನ ಕಡೆಯಿಂದ ಓದಿಸಿಕೊಳ್ಳಿರಿ. ಅವಳಿಗೆ ಎಲ್ಲವೂ ಗೊತ್ತು.

ಆ ವರ್ಷ ಆಷಾಢದಲ್ಲಿ ನನ್ನ ಹೊಟ್ಟೆಯ ಹರ್ನಿಯಾ ಆಪರೇಷನ್ ಆಯಿತು. ಸಮರ್ಥ, ನೀನು ಆಗ ಇನ್ನೂ ಬೋರಲು ಬೀಳಲು ಕಲಿಯುತ್ತಿದ್ದ ಕೂಸು. ಪುಣೆಯ ಧನಕವಡಿಯ ನಮ್ಮ ಮನೆಯ ಮುಂದೆ ಮೊಣಕಾಲುದ್ದ ನೀರು ನಿಂತಿತ್ತು. ನಿಮ್ಮ ಅಪ್ಪ ಬಸವರಾಜರು ತಮ್ಮ ಪಾತ್ರೆ-ಭಾಂಡೆ ಅಂಗಡಿಯ ಟೆಂಪೋದಲ್ಲೇ ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು. ಹಿಂದೆ ಸ್ಟೀಲಿನ ಕೊಡಗಳು ದಾರಿಯುದ್ದಕ್ಕೂ ಬಡಿದಾಡುತ್ತಿದ್ದವು. ಹರ್ನಿಯಾ ಹೊಲಿಯುವಾಗ ಜೋತುಬಿದ್ದ ಚರ್ಮವನ್ನೂ ಕತ್ತರಿಸಿ ತೆಗೆಯುತ್ತೇವೆ ಎಂದು ಡಾಕ್ಟರು ಹೇಳಿದ್ದರು. ಸೂಲಗಿತ್ತಿ ಮತ್ತು ನಿಮ್ಮ ತೀರಿಕೊಂಡ ಅಜ್ಜನನ್ನು ಬಿಟ್ಟರೆ ಯಾರೂ ನೋಡದ ಹೊಟ್ಟೆ ಅದು. ಅದರ ಬಗ್ಗೆ ಗಂಡಸರು ನಿಂತು ಮಾತಾಡುವುದೇ ನನಗೆ ಸಾಕುಸಾಕಾಗಿತ್ತು.

ಆಪರೇಷನ್ನಿನ ಹಿಂದಿನ ದಿನ ಬಿಳಿ ಕೋಟು ಹಾಕಿದ ಒಬ್ಬ ಹುಡುಗಿ ಬಂದಳು. ತೆಳ್ಳಗಿದ್ದಳು, ಕೊಡೆಯಿಂದ ನೀರು ಸೋರುತ್ತಿತ್ತು.

"ಅಮ್ಮಾ, ನೀವು ಕನ್ನಡದವರಂತೆ! ನಾನು ಚೈತ್ರಾ, ತುಮಕೂರಿನವಳು. ಇಲ್ಲಿ ಪಿಎಚ್‌ಡಿ ಮಾಡ್ತಿದೀನಿ. ನಾಳೆ ನಿಮ್ಮ ಆಪರೇಷನ್ನಲ್ಲಿ ಕಟ್ ಮಾಡೋ ಚರ್ಮನ ನಮ್ಮ ಲ್ಯಾಬಿಗೆ ಕೊಡ್ತೀರಾ ಅಂತ ಕೇಳೋಕೆ ಬಂದೆ. ನೀವು ಬೇಡ ಅಂದ್ರೆ ಬೇಡ. ಆಗ ಅವ್ರು ಅದನ್ನ ಸುಟ್ಟುಬಿಡ್ತಾರೆ."

ನಿಮ್ಮ ಅವ್ವ ಸುಜಾತಾ ಪಕ್ಕದಲ್ಲಿದ್ದಳು. ಅವಳ ಬಾಯಿ ನಿಮಗೆ ಗೊತ್ತೇ ಇದೆ.

"ನಮ್ಮವ್ವನ ಚರ್ಮಾ ಒಯ್ದು ಏನ್ ಮಾಡ್ತಿ ತಂಗಿ? ಚಪ್ಪಲಿ ಹೊಲಸ್ತೀಯೇನ?"

ಹುಡುಗಿ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಮಂಚದ ಅಂಚಿನಲ್ಲಿ ಕುಳಿತು ನನಗೆ ತಿಳಿಯುವ ಹಾಗೆ ಹೇಳಿದಳು. ಚರ್ಮದೊಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳು ಇರುತ್ತವೆಯಂತೆ. ಪೈಪಿನ ಒಳಗೋಡೆಗೆ ಸುಣ್ಣ ಬಳಿದ ಹಾಗೆ ಆ ನಾಳಗಳ ಒಳಮೈಗೆ ಒಂದೇ ಒಂದು ಸಾಲು ಜೀವಕೋಶಗಳು ಅಂಟಿಕೊಂಡಿರುತ್ತವೆಯಂತೆ. ಅವಳಿಗೆ ಬೇಕಾದದ್ದು ಅವು ಮಾತ್ರ. ಅವನ್ನು ಬೇರ್ಪಡಿಸಿ ಬೆಳೆಸಬೇಕು.

"ಬೆಂಕಿಯಲ್ಲಿ ಸುಟ್ಟವರಿಗೆ ಲ್ಯಾಬಲ್ಲಿ ಬೆಳೆಸಿದ ಚರ್ಮ ಹಾಕ್ತಾರೆ ಅಮ್ಮಾ. ಎಷ್ಟೋ ಸಲ ರಕ್ತ ಹತ್ತದೆ ಸತ್ತೋಗತ್ತೆ. ಈ ಕೋಶಗಳು ಜೊತೇಲಿದ್ರೆ ನಾಳ ಬೇಗ ಕೂಡಿಕೊಳ್ಳಬಹುದು ಅಂತ ನಮ್ಮ ಆಸೆ."

ಆಮೇಲೆ ಕೆಲವು ಪ್ರಶ್ನೆ ಕೇಳಿದಳು. ಸಕ್ಕರೆ ಕಾಯಿಲೆ ಇದೆಯೇ, ಎಂದಾದರೂ ಬೇರೆಯವರ ರಕ್ತ ಹಾಕಿಸಿಕೊಂಡಿದ್ದೀರಾ, ಮಕ್ಕಳೆಷ್ಟು.

"ಇಬ್ಬರೂ ಹೆಣ್ಣುಮಕ್ಕಳ್ರಿ," ಎಂದಳು ಸುಜಾತಾ. "ನಾನು, ಮತ್ತ ಸೊಲ್ಲಾಪುರದಾಗ ನನ್ನ ತಂಗಿ."

ನಾನು ತಲೆಯಾಡಿಸಿದೆ. ಚರ್ಮ ಒಯ್ಯಲು ಒಪ್ಪಿ ಕಾಗದಕ್ಕೆ ಸಹಿಯನ್ನೂ ಹಾಕಿದೆ. ಹೀಗೆ, ನಾನು ಮನೆಗೆ ಬರುವ ಮೊದಲೇ ನನ್ನ ಚರ್ಮ ಆಸ್ಪತ್ರೆಯಿಂದ ಹೊರಗೆ ಹೋಯಿತು. ಐಸಿನ ಡಬ್ಬಿಯಲ್ಲಿ ಕುಳಿತು, ಆ ಹುಡುಗಿಯ ಜೊತೆ ರಿಕ್ಷಾದಲ್ಲಿ.

ಅದರ ಕತೆ ಅಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ. ಶ್ರಾವಣದ ಒಂದು ಮುಂಜಾನೆ ಚೈತ್ರಾ ಬಾಳೆಹಣ್ಣು ಹಿಡಿದು ಮನೆಗೆ ಬಂದಳು. ಹೊಲಿಗೆ ಹೇಗಿದೆ ಎಂದು ಕೇಳಿದಳು. ಆಮೇಲೆ ಮೊಬೈಲು ತೆಗೆದು ಒಂದು ಚಿತ್ರ ತೋರಿಸಿದಳು. ಗುಡಿಯ ಅಂಗಳಕ್ಕೆ ಹಾಸಿದ ಕಲ್ಲಿನ ಹಾಗೆ, ಒಂದಕ್ಕೊಂದು ಒತ್ತಿಕೊಂಡ ಸಣ್ಣ ಸಣ್ಣ ಬಿಲ್ಲೆಗಳು.

"ಇದು ನೀವೇ ಅಮ್ಮಾ."

"ಅಂದ್ರ?"

"ನಿಮ್ಮ ಕೋಶಗಳು. ಚೆನ್ನಾಗಿ ಬೆಳೀತಿದಾವೆ."

"ಇನ್ನೂ ಸತ್ತಿಲ್ಲೇನು?"

ನನ್ನ ಕೈಯಲ್ಲಿದ್ದ ಚಹಾ ಸೀರೆಯ ಮೇಲೆ ಚೆಲ್ಲಿತು. ಕಡಿದು ತೆಗೆದದ್ದು ಸತ್ತಿತು ಎಂದೇ ನಾನು ತಿಳಿದಿದ್ದೆ. ಉಗುರು ಕತ್ತರಿಸಿದರೆ, ಕೂದಲು ಉದುರಿದರೆ ಅದು ಮತ್ತೆ ನಮ್ಮದಲ್ಲ. ಇದು ಹಾಗಲ್ಲವಂತೆ. ಚರ್ಮವನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಒಂದು ಔಷಧದಲ್ಲಿ ಇಡೀ ರಾತ್ರಿ ನೆನೆಸಿಟ್ಟಳಂತೆ. ನೆನೆದ ಶೇಂಗಾದ ಸಿಪ್ಪೆ ಬಿಡುವ ಹಾಗೆ ಮೇಲಿನ ಪದರು ಸುಲಿದು ಬಂತಂತೆ. ಕೆಳಗಿನ ಪದರನ್ನು ಅಲಗಿನ ಬೆನ್ನಿನಿಂದ ಮೆಲ್ಲಗೆ ಒತ್ತಿದಾಗ ಕೋಶಗಳು ನೀರಿಗೆ ಇಳಿದವಂತೆ. ಆ ಗುಂಪಿನಲ್ಲಿ ಅವಳಿಗೆ ಬೇಕಾದವು ಕೆಲವೇ. ಅವನ್ನಷ್ಟೇ ಹಿಡಿಯುವ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡುಗಳನ್ನು ನೀರಿಗೆ ಹಾಕಿ, ಹೊರಗಿನಿಂದ ಅಯಸ್ಕಾಂತ ಹಿಡಿದರೆ ಗುಂಡುಗಳ ಸಂಗಡ ಅವೂ ಬದಿಗೆ ಬಂದು ನಿಲ್ಲುತ್ತವೆಯಂತೆ. ಉಳಿದದ್ದನ್ನು ಚೆಲ್ಲಿ, ಅವನ್ನು ತಳಕ್ಕೆ ಅಂಟು ಸವರಿದ ಬಾಟಲಿಗಳಲ್ಲಿ ಹಾಕಿ, ಗುಲಾಬಿ ಬಣ್ಣದ ನೀರು ಉಣಿಸುತ್ತಾಳಂತೆ.

"ಎಲ್ಲಕ್ಕಿಂತ ದೊಡ್ಡ ಕಾಟ ಅಂದ್ರೆ ನಾರಿನ ಕೋಶಗಳು," ಎಂದಳು. "ನಾಕೇ ನಾಕು ಒಳಗೆ ನುಸುಳಿದ್ರೂ ಸಾಕು, ಬಾಟಲಿ ಪೂರ್ತಿ ಹಬ್ಬಿ ನಮ್ಮವನ್ನ ಮುಳುಗಿಸಿಬಿಡ್ತವೆ. ಎರಡು ವರ್ಷದಿಂದ ನನ್ನವು ಒಂದೂ ಉಳಿದಿರ್ಲಿಲ್ಲ. ನಿಮ್ಮವೇ ಮೊದಲು ಉಳಿದದ್ದು."

ಅವತ್ತಿನಿಂದ ನನ್ನ ತಲೆ ನೆಟ್ಟಗಿರಲಿಲ್ಲ. ಸ್ನಾನ ಮಾಡುವಾಗ, ಸಮರ್ಥನಿಗೆ ಎಣ್ಣೆ ಹಚ್ಚುವಾಗ, ಊರಿನ ಆ ತುದಿಯಲ್ಲಿ ನನ್ನ ಒಂದು ಪಾಲು ಕುಳಿತು ಊಟ ಮಾಡುತ್ತಿದೆ ಎಂಬ ನೆನಪು ಬಂದು ಗಾಬರಿಯಾಗುತ್ತಿತ್ತು. ಮಳೆ ಜೋರಾದ ದಿನ ಚೈತ್ರಾ ಬಂದಾಗ ಕೇಳಿಯೇಬಿಟ್ಟೆ.

"ಅದಕ್ಕ ಥಂಡಿ ಹತ್ತೂದಿಲ್ಲೇನ ಯವ್ವಾ?"

"ಇಲ್ಲಮ್ಮಾ, ಬೆಚ್ಚಗಿನ ಪೆಟ್ಟಿಗೆ ಒಳಗಿಟ್ಟಿದೀನಿ. ಮೈ ಬಿಸಿ ಎಷ್ಟೋ ಅಷ್ಟೇ ಬಿಸಿ."

"ನಮಗ ಗೀಜರ್ ಕೆಟ್ಟು ಥಣ್ಣೀರ ಸ್ನಾನ ನಡದದ," ಎಂದಳು ಸುಜಾತಾ. "ನಮ್ಮವ್ವನ ಹೊಟ್ಟಿ ಅಲ್ಲಿ ಸುಖಾ ಪಡಾಕತ್ತದ!"

ಚೈತ್ರಾ ರವಿವಾರಕ್ಕೊಮ್ಮೆ ಬರುವುದು ರೂಢಿಯಾಯಿತು. ಕಡಕ ರೊಟ್ಟಿ ಮುರಿಯುವಾಗ ಹಲ್ಲು ಹಿಡಿದುಕೊಂಡು "ಇದನ್ನ ತಿನ್ನೋದಾ, ಮನೆ ಕಟ್ಟೋದಾ?" ಎನ್ನುತ್ತಿದ್ದಳು. ತಾಯಿಯಿಂದ ದೂರ ಇದ್ದ ಹುಡುಗಿ. ಅಕ್ಷತಾ, ನಿನ್ನ ಜಡೆಗೆ ಮೊದಲು ರಿಬ್ಬನ್ನು ಕಟ್ಟಿದವಳು ಅವಳೇ.

ಗಣಪತಿ ಹಬ್ಬ ಮುಗಿದು ಓಣಿಯ ಪೆಂಡಾಲು ಬಿಚ್ಚುತ್ತಿದ್ದ ದಿನ ಅವಳು ಬಂದಾಗ ಮುಖ ಬಾತಿತ್ತು. ಒಳಗೆ ಬಂದವಳೇ ಗೋಡೆಗೆ ಒರಗಿ ಕುಳಿತಳು.

"ಎಲ್ಲಾ ಹೋಯ್ತು ಅಮ್ಮಾ. ಸೋಮವಾರ ಎಲ್ಲಾ ಬಾಟಲಿ ಚೆಲ್ಲಬೇಕು."

ಬೆಳೆಸಿದ ಕೋಶಗಳು ಯಾರವು ಎಂದು ಖಾತ್ರಿ ಮಾಡಲು ಒಂದು ಗುರುತಿನ ಪರೀಕ್ಷೆ ಇರುತ್ತದಂತೆ. ಎಲ್ಲ ಬಾಟಲಿಗಳಲ್ಲೂ ಇದ್ದದ್ದು ನಾನೇ. ಒಂದು ಬಾಟಲಿಯಲ್ಲಿ ಮಾತ್ರ ನನ್ನ ಜೊತೆ ಸ್ವಲ್ಪ ಗಂಡಸಿನ ಕೋಶಗಳು ಸಿಕ್ಕಿದ್ದವು. ನನ್ನ ಚರ್ಮ ಹೋದ ವಾರವೇ ಅವರ ಲ್ಯಾಬಿನ ಮೇಜಿನ ಮೇಲೆ ಬೇರೊಬ್ಬ ಗಂಡಸಿನ ಚರ್ಮವೂ ಇತ್ತು. ಚೈತ್ರಾ ಅಜಾಗರೂಕತೆಯಿಂದ ಎರಡನ್ನೂ ಬೆರೆಸಿದ್ದಾಳೆ ಎಂದು ಅವರ ಲ್ಯಾಬಿನ ದೊಡ್ಡ ಮ್ಯಾಡಂ ಎಲ್ಲರೆದುರು ಅಂದಿದ್ದರು. ಒಂದು ಕೆಟ್ಟ ಮೇಲೆ ಉಳಿದವನ್ನು ನಂಬುವುದು ಹೇಗೆ? ಈ ಕೆಲಸವನ್ನು ಅವಳಿಂದ ತೆಗೆದು ಬೇರೆಯವರಿಗೆ ಕೊಡುತ್ತಾರಂತೆ.

"ನಾನು ಬೆರೆಸಿಲ್ಲ ಅಮ್ಮಾ. ನಿಮ್ಮದನ್ನ ತೆಗೆಯೋ ದಿನ ಬೇರೆ ಯಾವುದನ್ನೂ ಮುಟ್ಟೇ ಇಲ್ಲ. ಆದ್ರೆ ಹೇಗೆ ತೋರಿಸ್ಲಿ? ಗಂಡಸಿನ ಕೋಶ ಇರೋದು ನಿಜ."

ಮಕ್ಕಳೇ, ನಾನು ಆ ಹುಡುಗಿಗೆ ಸಮಾಧಾನ ಹೇಳಬೇಕಿತ್ತು. ನನಗೆ ಮೊದಲು ಆದದ್ದು ನಾಚಿಕೆ. ಗಂಡ ಸತ್ತು ಎಷ್ಟೋ ವರ್ಷವಾದ ಹೆಂಗಸಿನ ಚರ್ಮದಲ್ಲಿ ಒಬ್ಬ ಗಂಡಸು ಸಿಕ್ಕಿದ್ದಾನೆ ಎಂದು ನಮ್ಮ ಮನೆಯ ನಡುವೆ ಕುಳಿತು ಗಟ್ಟಿಯಾಗಿ ಹೇಳುತ್ತಿದ್ದಾಳೆ. ಕಿಡಕಿ ಮುಚ್ಚಬೇಕು ಎನಿಸಿತು. ಸೆರಗು ತಲೆಗೆ ಎಳೆದುಕೊಂಡೆ.

"ನಿಮಗೊಬ್ಬ ಮಗ ಇದ್ದಿದ್ರೂ ಒಂದು ಮಾತು ಹೇಳಬಹುದಿತ್ತು," ಎಂದಳು ಅವಳು ಮೂಗು ಒರೆಸಿಕೊಳ್ಳುತ್ತ. "ಬಸುರಲ್ಲಿರೋವಾಗ ಕೂಸಿನ ಕೆಲವು ಕೋಶಗಳು ತಾಯಿ ರಕ್ತಕ್ಕೆ ಬಂದುಬಿಡ್ತವೆ. ಎಷ್ಟೋ ವರ್ಷ ಅವಳ ಮೈಯಲ್ಲೇ ಉಳೀತವೆ, ರಕ್ತನಾಳದ ಗೋಡೆಯಲ್ಲೂ ಸಿಕ್ಕಿವೆ ಅಂತ ಓದಿದೀನಿ. ಆದ್ರೆ ನಿಮಗಿರೋದು ಇಬ್ಬರೂ ಹೆಣ್ಣುಮಕ್ಕಳು."

ಸುಜಾತಾ ಒಲೆಯ ಮುಂದೆ ಒಗ್ಗರಣೆ ಹಾಕುತ್ತಿದ್ದಳು. ಸಾಸಿವೆ ಸಿಡಿಯುತ್ತಿತ್ತು. ನನ್ನ ಕಿವಿಗೆ ಬೇರೆ ಏನೂ ಕೇಳಿಸಲಿಲ್ಲ.

ನಮ್ಮ ಕಡೆ ತೊಟ್ಟಿಲಿಗೆ ಹಾಕುವ ಮೊದಲೇ ಹೋದ ಕೂಸನ್ನು ಎಣಿಸುವುದಿಲ್ಲ. ಅದಕ್ಕೆ ಹೆಸರಿಲ್ಲ, ಹೆಸರಿಲ್ಲದ್ದರ ಸುದ್ದಿ ತೆಗೆಯಬಾರದು. ನನ್ನ ಮೊದಲ ಕೂಸು ಗಂಡು. ಜೋಳದ ರಾಶಿಯ ಕಾಲಕ್ಕೆ ಹುಟ್ಟಿದ. ಮೂರು ದಿನ ಚೆನ್ನಾಗಿಯೇ ಹಾಲು ಕುಡಿದ, ನಾಲ್ಕನೆಯ ದಿನ ಬಾಯಿ ತೆರೆಯಲಿಲ್ಲ. ನನ್ನ ಅತ್ತೆ ಅವನನ್ನು ಒಂದು ಧೋತರದ ತುಂಡಿನಲ್ಲಿ ಸುತ್ತಿದರು. ನಿಮ್ಮ ಅಜ್ಜ ಹಿತ್ತಲ ಬಾಗಿಲಿನಿಂದ ಎತ್ತಿಕೊಂಡು ಹೋದರು. "ತೊಟ್ಟಿಲಾ ಕಂಡಿಲ್ಲ, ಅಳಬ್ಯಾಡ," ಎಂದರು ಅತ್ತೆ. ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂದದ್ದು ಬಿಟ್ಟರೆ ಅವನು ಬಂದುಹೋದ ಗುರುತು ಎಲ್ಲೂ ಉಳಿಯಲಿಲ್ಲ. ನಾನೂ ಆ ಮಾತು ಮೀರಲಿಲ್ಲ. ನಿಮ್ಮ ಅಜ್ಜನೂ ಸಾಯುವವರೆಗೆ ಅವನ ಹೆಸರೆತ್ತಲಿಲ್ಲ. ಎತ್ತಲು ಹೆಸರೇ ಇರಲಿಲ್ಲವಲ್ಲ.

ಈಗ ನಾನು ಸುಮ್ಮನಿದ್ದರೆ ಸೋಮವಾರ ಬಾಟಲಿಗಳನ್ನು ಚೆಲ್ಲುತ್ತಾರೆ. ಈ ಹುಡುಗಿಯ ಎರಡು ವರ್ಷ ಹೋಗುತ್ತದೆ. ಮತ್ತೆ ಅದರ ಒಳಗೆ... ಅದರ ಮುಂದೆ ಯೋಚಿಸಲು ನನಗೆ ಧೈರ್ಯ ಬರಲಿಲ್ಲ.

"ಒಂದ ಕೂಸ ಇತ್ತವ್ವಾ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೆ ಹೇಳಿದೆ. "ಗಂಡುಕೂಸ. ಸುಜಾತಾಗಿಂತ ಮದಲ. ಉಳೀಲಿಲ್ಲ."

ಒಲೆಯ ಮುಂದಿನ ಸದ್ದು ನಿಂತಿತು. ಸುಜಾತಾ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಅವ್ವಾ, ನಮಗ ಅಣ್ಣ ಇದ್ದನೇನ?"

ಅವಳು ಸೌಟು ನೆಲಕ್ಕಿಟ್ಟು ನನ್ನೆದುರು ಕುಳಿತಳು.

"ನಾಗರ ಪಂಚಮಿಗೆ ತವರಿಗೆ ಕರಿಯಾಕ ಬರಾಕ ಅಣ್ಣ ಇಲ್ಲ, ತಮ್ಮ ಇಲ್ಲಂತ ವರ್ಷಾ ವರ್ಷಾ ಅತ್ತೀನಿ ನಾನು. ನೀ ಬಾಜೂಕ ಕುಂತು ನೋಡಿದಿ. ಆಗಾದ್ರೂ ಒಂದ ಮಾತ ಹೇಳಬಾರದಿತ್ತೇನ?"

ಚೈತ್ರಾ ಎದ್ದು ನಿಂತಿದ್ದಳು. ಅಳು ಎಲ್ಲಿ ಹೋಯಿತೋ. ನನ್ನ ಎರಡೂ ಕೈ ಹಿಡಿದುಕೊಂಡು, "ಅಮ್ಮಾ, ಇದನ್ನ ನಾನು ಮ್ಯಾಡಂಗೆ ಹೇಳಲಾ? ನೀವು ಹೂಂ ಅಂದ್ರೆ ಮಾತ್ರ," ಎಂದಳು. ಹೂಂ ಎಂದೆ.

ಅಂದು ಸಾಸಿವೆ ಕರಕಾಗಿ ಮನೆಯೆಲ್ಲ ಹೊಗೆ. ಸುಜಾತಾ ನನ್ನ ಜೊತೆ ಹಲವು ದಿನ ಮಾತಾಡಲಿಲ್ಲ. ತಾಟು ಮುಂದಿಟ್ಟು ಹೋಗುತ್ತಿದ್ದಳು. ಬಾಟಲಿಗಳನ್ನು ಚೆಲ್ಲಲಿಲ್ಲ ಎಂದು ಚೈತ್ರಾ ಫೋನಿನಲ್ಲಿ ಹೇಳಿದಳು. ಮತ್ತೆ ಪರೀಕ್ಷೆ ಮಾಡುತ್ತಿದ್ದಾರೆ, ಏನಾಗುತ್ತದೋ ಗೊತ್ತಿಲ್ಲ, ದೇವರಿಗೆ ಬೇಡಿಕೊಳ್ಳಿ ಎಂದಳು. ಏನೆಂದು ಬೇಡಿಕೊಳ್ಳಬೇಕೋ ನನಗೆ ತಿಳಿಯಲಿಲ್ಲ. ಅವನಾಗಿರಲಿ ಎಂದು ಬೇಡಲು ಹೆದರಿಕೆ. ಅಲ್ಲದಿರಲಿ ಎಂದು ಬೇಡಲು ಮನಸ್ಸಿಲ್ಲ.

ದಸರೆಯ ನಂತರ ನಮ್ಮನ್ನು ಕರೆದರು. ಮಳೆ ಹಿಂದೆ ಸರಿದಿತ್ತು, ರಸ್ತೆಯ ತಗ್ಗುಗಳಲ್ಲಿ ಕೆಸರು ಒಣಗಿ ಧೂಳು ಏಳುತ್ತಿತ್ತು. ಸುಜಾತಾ "ನಾನೂ ಬರ್ತೀನಿ" ಎಂದಳು, ಅಷ್ಟೇ. ಲ್ಯಾಬಿನ ಬಾಗಿಲಲ್ಲಿ ಕೈಗೆ ಸ್ಪಿರಿಟ್ಟು ಸಿಂಪಡಿಸಿದರು. ಇಡೀ ಕೋಣೆಯೇ ಆ ವಾಸನೆ.

ಮ್ಯಾಡಂ ಮರಾಠಿಯವರು, ಬೆಳ್ಳಿ ಕೂದಲು, ಬಿಗಿ ಮುಖ. "ಬಸಾ, ಆಜಿ," ಎಂದು ಕುರ್ಚಿ ಎಳೆದರು. ಮರಾಠಿಯಲ್ಲೇ ನಿಧಾನವಾಗಿ, ನನಗೆ ತಿಳಿಯುವ ಹಾಗೆ ತೂಗಿ ತೂಗಿ ಮಾತಾಡಿದರು. ಪ್ರತಿಯೊಬ್ಬರ ಗುರುತಿನಲ್ಲೂ ಒಂದು ಪಾಲು ತಾಯಿಯದು, ಒಂದು ಪಾಲು ತಂದೆಯದು. ಬಾಟಲಿಯಲ್ಲಿ ಸಿಕ್ಕವನ ಗುರುತು ಮೇಜಿನ ಮೇಲಿದ್ದ ಆ ಇನ್ನೊಬ್ಬ ಗಂಡಸಿನದಲ್ಲ. ಇವನ ಒಂದು ಪಾಲು, ನೋಡಿದ ಎಲ್ಲ ಕಡೆಯೂ, ನನ್ನದೇ.

"ಇನ್ನೂ ಒಂದು ನೋಡಿದೆವು," ಎಂದರು. "ಬಾಟಲಿಗೆ ಹೋಗುವ ಮೊದಲೇ ನಿಮ್ಮ ಚರ್ಮದ ಒಂದು ತುಂಡನ್ನು ಫ್ರೀಜರಿನಲ್ಲಿ ತೆಗೆದಿಟ್ಟಿದ್ದೆವು. ಅದರಲ್ಲೂ ಇದ್ದಾನೆ."

ಕತ್ತಲೆಯ ಒಂದು ಕೋಣೆಯಲ್ಲಿ ಚೈತ್ರಾ ನನ್ನನ್ನು ಯಂತ್ರದ ಮುಂದೆ ಕೂರಿಸಿದಳು. ಪರದೆಯ ಮೇಲೆ ನೀಲಿ ನೀಲಿ ಉಂಡೆಗಳು, ಒಂದೊಂದರಲ್ಲಿ ಎರಡು ಕೆಂಪು ಚುಕ್ಕೆ. "ಇವು ನೀವು," ಎಂದಳು. ಚಿತ್ರವನ್ನು ಸ್ವಲ್ಪ ಸರಿಸಿದಳು. ಒಂದು ಉಂಡೆಯಲ್ಲಿ ಒಂದು ಕೆಂಪು, ಅದರ ಮಗ್ಗುಲಲ್ಲಿ ಒಂದು ಹಸಿರು. ನವಣೆ ಕಾಳಿನಷ್ಟು.

"ಹಸಿರು ಚುಕ್ಕೆ ಗಂಡಸರ ಕೋಶದಲ್ಲಿ ಮಾತ್ರ ಇರತ್ತೆ ಅಮ್ಮಾ," ಎಂದಳು.

"ಜೀವಂತ ಅದಾನೇನ?" ಎಂದು ಕೇಳಿದೆ.

"ಇದು ಬಣ್ಣ ಹಾಕಿದ್ದು ಅಮ್ಮಾ, ಇದು ಬದುಕಿಲ್ಲ. ಆ ಬಾಟಲಿಯಲ್ಲಿರೋವು ಬದುಕಿದಾವೆ." ಬಾಟಲಿ ತಂದು ಇನ್ನೊಂದು ಯಂತ್ರದ ಕೆಳಗಿಟ್ಟಳು. ಮತ್ತೆ ಅದೇ ಕಲ್ಲುಹಾಸು, ಆದರೆ ಈಗ ಹೊಳೆಯುತ್ತಿತ್ತು. "ಇದರಲ್ಲಿ ಯಾವುದು ಅವನು ಅಂತ ಹೇಳೋಕಾಗಲ್ಲ. ಬಣ್ಣ ಹಾಕಿದ್ರೆ ಗೊತ್ತಾಗತ್ತೆ, ಆದ್ರೆ ಬಣ್ಣ ಹಾಕಿದ್ರೆ ಸಾಯ್ತವೆ."

"ಬ್ಯಾಡ," ಎಂದೆ. ಅಷ್ಟು ಗಟ್ಟಿಯಾಗಿ ನಾನು ಎಂದೂ ಮಾತಾಡಿರಲಿಲ್ಲ. ಮ್ಯಾಡಂ ತಿರುಗಿ ನೋಡಿದರು.

"ಆಜಿ, ತಪ್ಪು ತಿಳಿಯಬೇಡಿ," ಎಂದರು. "ಇದು ಮಗನಲ್ಲ. ಮಗನ ಕೆಲವು ಕೋಶಗಳು."

ನನಗೂ ಅಷ್ಟು ತಿಳಿಯುತ್ತದೆ. ಆದರೂ ಮಕ್ಕಳೇ, ಅವನು ಹಿತ್ತಲ ಬಾಗಿಲಿನಿಂದ ಹೋದ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ನಿಮ್ಮ ಅವ್ವ ಹುಟ್ಟಿದಾಗ, ನಿಮ್ಮ ಅಜ್ಜ ತೀರಿಕೊಂಡಾಗ, ನಾನು ಪುಣೆಗೆ ಬಂದು ಮರಾಠಿ ಬಾರದೆ ಭಾಜಿ ಮಂಡಿಯಲ್ಲಿ ನಿಂತು ಅತ್ತಾಗ, ನನ್ನ ರಕ್ತ ಹರಿಯುವ ದಾರಿಯ ಗೋಡೆಯಲ್ಲಿ ಒಂದು ಕಲ್ಲಾಗಿ ಅವನು ಇದ್ದ. ಇದನ್ನು ಕೇಳಿ ನಾನು ಸಂತೋಷಪಟ್ಟೆನೋ ದುಃಖಪಟ್ಟೆನೋ ಇವತ್ತಿಗೂ ಹೇಳಲಾರೆ. ಹೊಡೆತ ತಿಂದವಳ ಹಾಗೆ ಕುಳಿತಿದ್ದೆ. ಸುಜಾತಾ ನನ್ನ ಬೆನ್ನ ಹಿಂದೆ ನಿಂತು ಪರದೆಯನ್ನೇ ನೋಡುತ್ತಿದ್ದಳು. ಅವಳ ಕೈ ಯಾವಾಗ ನನ್ನ ಹೆಗಲ ಮೇಲೆ ಬಂತೋ ಗೊತ್ತಿಲ್ಲ.

ಹೊರಡುವಾಗ ಮ್ಯಾಡಂ ಚೈತ್ರಾಳಿಗೆ ತಾವೇ ಚಹಾ ಹಾಕಿ ಕೊಟ್ಟರು. ಕ್ಷಮೆ ಕೇಳುವ ಬಾಯಿ ಅವರದ್ದಲ್ಲ ಎಂದು ಕಾಣುತ್ತದೆ. ಹುಡುಗಿ ಆ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅವಳ ಕೆಲಸ ಅವಳಿಗೇ ಉಳಿಯಿತು.

ಚಳಿಗಾಲದಲ್ಲಿ ಸಮರ್ಥನ ಜವಳ ನಿಶ್ಚಯವಾಯಿತು. ಕೂಸಿನ ಮೊದಲ ಕೂದಲು ತೆಗೆಯುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸಬೇಕು, ಮೊದಲ ಕುಚ್ಚನ್ನು ಅವನು ಕೈಯಲ್ಲಿ ಹಿಡಿಯಬೇಕು. ಅಕ್ಷತಾ, ನಿನ್ನ ಜವಳದಲ್ಲಿ ದೂರದ ಸಂಬಂಧಿಯೊಬ್ಬರನ್ನು ಮಾವನೆಂದು ಕೂರಿಸಿದ್ದೆವು. ಈ ಸಲವೂ ಅವರೇ ಬಂದಿದ್ದರು. ಮನೆಯ ಮಾಳಿಗೆಯ ಮೇಲೆ ಬಿಸಿಲಲ್ಲಿ ಮಣೆ ಹಾಕಿತ್ತು. ನಾನು ಎಂದಿನಂತೆ ನೀರಿನ ಟಾಕಿಯ ಹಿಂದೆ, ಕಣ್ಣಿಗೆ ಬೀಳದ ಹಾಗೆ ನಿಂತಿದ್ದೆ. ವಿಧವೆ ಇಂಥ ಕಡೆ ಮುಂದೆ ಬರುವುದಿಲ್ಲ.

ಕ್ಷೌರದವ ಕತ್ತರಿ ಒರೆಸಿಕೊಂಡು ಕೇಳಿದ, "ಮಾಮಾ ಯಾರ್ರಿ? ಬರ್ರಿ, ಕೂಡ್ರಿ."

ಸಂಬಂಧಿ ಎದ್ದರು. ಸುಜಾತಾ ಅವರನ್ನು ಕೈ ಮಾಡಿ ನಿಲ್ಲಿಸಿದಳು.

"ತಪ್ಪು ತಿಳೀಬ್ಯಾಡ್ರಿ ಕಾಕಾ. ಅವ್ವಾ, ನೀ ಬಾ. ನೀ ಕೂಡು."

ಅವಳ ಅತ್ತೆ ಮುಖ ಗಂಟಿಕ್ಕಿದರು. "ಏನಂತಿ ಸುಜಾತಾ? ಗಂಡ ಇಲ್ಲದಾಕಿ ತೊಡಿ ಮ್ಯಾಲ ಕೂಸಿನ ಜವಳೇನ? ಮಂದಿ ಏನಂದಾರು?"

"ಅತ್ತೀ, ನಾ ಅವ್ವನ್ನ ಕೂಡಸಾಕತ್ತಿಲ್ಲ," ಎಂದಳು ನಿಮ್ಮ ಅವ್ವ. "ನಮ್ಮಣ್ಣನ್ನ ಕೂಡಸಾಕತ್ತೀನಿ."

ಬಸವರಾಜರು ತಮ್ಮ ತಾಯಿಯ ಕಡೆ ಒಮ್ಮೆ ನೋಡಿದರು, ಆಮೇಲೆ ಬಂದು ಸಮರ್ಥನನ್ನು ನನ್ನ ಕೈಗೆ ಕೊಟ್ಟರು. ಟಾಕಿಯಿಂದ ಮಣೆಯವರೆಗೆ ಹೇಗೆ ನಡೆದೆನೋ ನೆನಪಿಲ್ಲ. ಅಷ್ಟು ಜನರ ನಡುವೆ ಕುಳಿತೆ. ಸಮರ್ಥ, ನೀನು ಕತ್ತರಿ ಕಂಡು ಕಿರುಚಿ ನನ್ನ ಹೊಟ್ಟೆಗೆ ಕಾಲು ಕೊಟ್ಟು ಒದ್ದೆ. ಕ್ಷೌರದವ ಬಗ್ಗಿ ಮೊದಲ ಕುಚ್ಚು ಕತ್ತರಿಸಿದ. ನಾನು ಅಂಗೈ ಒಡ್ಡಿದೆ. ಕೂದಲು ಬಂದು ಬಿತ್ತು, ಬೆಚ್ಚಗೆ, ತೂಕವೇ ಇಲ್ಲದಂತೆ. ಗಾಳಿಗೆ ಹಾರದ ಹಾಗೆ ನಾನೂ ನನ್ನೊಳಗಿನ ನಿಮ್ಮ ಮಾವನೂ ಅದನ್ನು ಮುಚ್ಚಿ ಹಿಡಿದುಕೊಂಡೆವು.